ಮಧ್ಯ ಏರಿಸಿದ ಮಹಾಪ್ರಾಣರು

ಯಾವುದಾದರೂ ಬೋರ್ಡಿನ ಮೇಲೆ ‘ಬಡವರಿಗೆ ದನಸಹಾಯ’ ಎಂದು ಕಂಡರೆ ಸಾಕು, ಮಹಾಪ್ರಾಣರಿಗೆ ಅವತ್ತು ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಸ್ಸು ತಪ್ಪಿದರೂ ತಪ್ಪಲಿ, ನೇರ ಒಳಗೆ ಹೋಗಿ, “ಸ್ವಾಮಿ, ನೀವು ಕೊಡೋದು ದುಡ್ಡೋ, ಹಸುವೋ?” ಎಂದು ಕೇಳುತ್ತಿದ್ದರು. ದುಡ್ಡೇ ಎಂದು ಖಾತ್ರಿಯಾದ ಮೇಲೆ ಜೇಬಿನಿಂದ ಪೆನ್ನು ತೆಗೆದು, ಆ ‘ದ’ದ ಹೊಟ್ಟೆ ಸೀಳಿ ‘ಧ’ ಮಾಡಿಯೇ ಹೊರಗೆ ಬರುತ್ತಿದ್ದರು.

ಅವರು ಒಂದು ಹಳೆಯ ಅಚ್ಚುಕೂಟದಲ್ಲಿ ಕರಡು ತಿದ್ದುವವರು. ಹೆತ್ತವರು ಇಟ್ಟ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವರು ಮಹಾಪ್ರಾಣರು. ಊರಿನ ದೊಡ್ಡ ಸರ್ಜನ್ನು ಇಡೀ ಆಯುಷ್ಯದಲ್ಲಿ ಸೀಳಿದಷ್ಟು ಹೊಟ್ಟೆಗಳನ್ನು ಇವರು ಒಂದು ವಾರದಲ್ಲಿ ಕೆಂಪು ಪೆನ್ನಿನಿಂದ ಸೀಳುತ್ತಿದ್ದರು, ಒಬ್ಬ ರೋಗಿಯೂ ಸತ್ತಿರಲಿಲ್ಲ.

ಆದರೆ ವಿಧಿಯಾಟ ನೋಡಿ. ಕಾಗದದ ಮೇಲೆ ಇಷ್ಟು ಕಟ್ಟುನಿಟ್ಟಾದ ಮನುಷ್ಯನ ಬಾಯಿಂದ ಒಂದೇ ಒಂದು ಮಹಾಪ್ರಾಣ ಹೊರಡುತ್ತಿರಲಿಲ್ಲ. ಧನ ಬಾಯಿಗೆ ಬರುವಷ್ಟರಲ್ಲಿ ದನವಾಗುತ್ತಿತ್ತು, ಭಯ ಬಯವಾಗುತ್ತಿತ್ತು, ಮಧ್ಯಾಹ್ನವಂತೂ ಮದ್ಯಾನವಾಗಿ ಮಲಗಿಬಿಡುತ್ತಿತ್ತು. ‘ಮಹಾಪ್ರಾಣ’ ಎಂಬ ಶಬ್ದದಲ್ಲಿ ಮಹಾಪ್ರಾಣಾಕ್ಷರ ಇಲ್ಲದ್ದರಿಂದ ತಮ್ಮ ಹೆಸರನ್ನು ಮಾತ್ರ ಅವರು ಸ್ಪಷ್ಟವಾಗಿ ಹೇಳುತ್ತಿದ್ದರು. ಮುಂದೆ ನಡೆದ ಅನಾಹುತಕ್ಕೆಲ್ಲ ಇದೇ ಮೂಲ.

ಇಂಥ ಮಹಾಪ್ರಾಣರು ಪ್ರಾಯದಲ್ಲಿ ಬೇಸ್ ಗಿಟಾರು ಬಾರಿಸುತ್ತಿದ್ದರು ಎಂದರೆ ಈಗ ಯಾರೂ ನಂಬುವುದಿಲ್ಲ. ಆಗಲೂ ಯಾರೂ ನಂಬುತ್ತಿರಲಿಲ್ಲ. ಬೇಸ್ ಗಿಟಾರು ಅಂದರೆ ಹುಡುಗಿಯರ ಮುಂದೆ ಕುಣಿಸುವ ಗಿಟಾರಲ್ಲ. ಅದಕ್ಕಿರುವುದು ನಾಲ್ಕೇ ತಂತಿ, ಒಂದೊಂದರ ಮೇಲೂ ಒದ್ದೆ ಬಟ್ಟೆ ಒಣಹಾಕಬಹುದು. ಮೇಲೆ ಹಾಡುವವನು ಹಾಡುತ್ತಿರುತ್ತಾನೆ, ಇದು ಬುಡದಲ್ಲಿ ಕೂತು ಭಾರ ಹೊರುತ್ತಿರುತ್ತದೆ. ಇದ್ದರೆ ಯಾರೂ ಮೂಸುವುದಿಲ್ಲ, ಇಲ್ಲದಿದ್ದರೆ ಏನೋ ಕೊರತೆ ಅನ್ನಿಸುತ್ತದೆ, ಏನೆಂದು ಯಾರಿಗೂ ತಿಳಿಯುವುದಿಲ್ಲ. ಕರಡು ತಿದ್ದುವವನ ಕೆಲಸವೂ ಅದೇ ತಾನೇ.

ಆಗ ಅವರು ನಾಲ್ಕು ಜನ ಗೆಳೆಯರು. ಒಬ್ಬ ಹಾಡುವವನು, ಹಾಡಿಗಿಂತ ಹೆಚ್ಚು ಹೊತ್ತು ತಲೆ ಬಾಚುವವನು. ಒಬ್ಬ ಕೀಬೋರ್ಡಿನವನು. ಒಬ್ಬ ಡ್ರಮ್ಮು ಬಡಿಯುವವನು, ಅವನನ್ನು ಅಂದೂ ಇಂದೂ ‘ಡ್ರಮ್ಮು’ ಎಂದೇ ಕರೆಯುವುದು. ನಾಲ್ಕನೆಯವರು ಮಹಾಪ್ರಾಣರು. ಅಚ್ಚುಕೂಟದ ಕಾಗದದ ಗೋದಾಮಿನಲ್ಲಿ ಅವರ ಅಭ್ಯಾಸ. ಗೋಡೆಗೆ ಒರಗಿಸಿದ ಕಾಗದದ ಕಟ್ಟುಗಳು ಎಷ್ಟು ಗದ್ದಲ ಮಾಡಿದರೂ ಕುಡಿದು ಸುಮ್ಮನಾಗುತ್ತಿದ್ದವು. ಮಸಿ ಮತ್ತು ಹೊಸ ಕಾಗದದ ವಾಸನೆಯ ನಡುವೆ ಹಾಡು ಕಲಿತು, ವೈರಿನ ಸುರುಳಿ ಹೆಗಲಿಗೆ ಹಾಕಿಕೊಂಡು, ರಸ್ತೆಯ ಅಗಲಕ್ಕೂ ನಾಲ್ವರೂ ಸಾಲಾಗಿ ಮನೆಗೆ ನಡೆಯುತ್ತಿದ್ದರು. ಹಿಂದಿನಿಂದ ಬಂದ ಸೈಕಲ್ಲಿನವರು ಬೆಲ್ಲು ಹೊಡೆದೂ ಹೊಡೆದೂ ಕೊನೆಗೆ ಇಳಿದು ತಳ್ಳಿಕೊಂಡು ಬರುತ್ತಿದ್ದರು. ಆ ವಯಸ್ಸಿನ ಸಂಜೆಗಳು ಯಾಕೋ ಈಗಿನವಕ್ಕಿಂತ ಉದ್ದವಾಗಿದ್ದವು.

ಅವರ ಆಂಪ್ಲಿಫೈಯರಿಗೆ ಮೂರು ಗುಂಡಿಗಳಿದ್ದವು. ತಂತಿಯ ಶಬ್ದದಲ್ಲಿ ಕೆಳಗಿನದೆಷ್ಟು, ನಡುವಿನದೆಷ್ಟು, ಮೇಲಿನದೆಷ್ಟು ಎಂದು ಅಳೆದು ಸುರಿಯುವ ಗುಂಡಿಗಳು. ಅಂಗಡಿಯವರು ಅದಕ್ಕೆ ಈಕ್ವಲೈಜರ್ ಎನ್ನುತ್ತಿದ್ದರು. ಆದರೆ ಮಹಾಪ್ರಾಣರಿಗೆ ಆಗ ಕನ್ನಡದ ಹುಚ್ಚು ಹೊಸದು. ಅಚ್ಚುಕೂಟದ ಅತಿ ಸಣ್ಣ ಅಕ್ಷರದ ಮೊಳೆ ಜೋಡಿಸಿ, ಸಂಗೀತಗಾರರ ಮಾತಿನಲ್ಲಿ ‘ಮಂದ್ರ’, ‘ಮಧ್ಯ’, ‘ತಾರ’ ಎಂದು ಚೀಟಿ ಅಚ್ಚುಹಾಕಿ ಗುಂಡಿಗಳ ಕೆಳಗೆ ಅಂಟಿಸಿದರು. ಅಲ್ಲಿಂದ ಗೆಳೆಯರೆಲ್ಲ ಹಾಗೇ ಕರೆಯತೊಡಗಿದರು.

ಅವರನ್ನು ಮದುವೆಯಾದಾಕೆ ಆ ಕಾಲದಲ್ಲಿ ಕಾರ್ಮಿಕರ ಕ್ಲಬ್ಬಿನ ಸಭಾಂಗಣದಲ್ಲಿ ಮುಂದಿನ ಸಾಲಿನಲ್ಲೇ ಕೂತು ಇವರ ಕಾರ್ಯಕ್ರಮ ಕೇಳಿದವಳು. ಮದುವೆಯಾದ ಹೊಸದರಲ್ಲಿ ಮಹಾಪ್ರಾಣರು ಎದೆಯುಬ್ಬಿಸಿ, “ನಾನು ಬಾರಿಸಿದ್ದು ಹೇಗಿತ್ತು?” ಎಂದು ಕೇಳಿದ್ದರು.

“ನೀವೂ ಬಾರಿಸ್ತಿದ್ರಾ?” ಎಂದು ಆಕೆ ನಿಜವಾಗಿ ಆಶ್ಚರ್ಯಪಟ್ಟಳು. “ಮೂಲೇಲಿ ನಿಂತಿದ್ರಲ್ಲ, ವೈರು ನೋಡ್ಕೊಳ್ಳೋರು ಅಂದ್ಕೊಂಡಿದ್ದೆ.”

ಅವರು ಗಿಟಾರು ತಂದು ಬಾರಿಸಿ ತೋರಿಸಿದರು. ಆಕೆ ತಲೆ ವಾಲಿಸಿ ಕೇಳಿ, “ಓ, ಇದಾ! ಕ್ಲಬ್ಬಲ್ಲಿ ಫ್ರಿಜ್ಜು ಇಟ್ಟಿದಾರೆ, ಅದ್ರದ್ದು ಅಂದ್ಕೊಂಡಿದ್ದೆ” ಎಂದಳು. ಪಾಪ, ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಗಿಟಾರು ಬೀರುವಿನ ಮೇಲೆ ಹತ್ತಿದ್ದು ಆ ವಾರವೇ. ಹೆಂಡತಿಗೆ ಒಂದೇ ಒಂದು ಸಲ ತನ್ನ ಶಬ್ದ ಕೇಳಿಸಬೇಕಾಗಿತ್ತು ಎಂಬ ಆಸೆ ಮಾತ್ರ ಮಹಾಪ್ರಾಣರ ಎದೆಯೊಳಗೆ ಇಳಿದು ಕೂತಿತು. ಮಗಳು ಹುಟ್ಟಿ, ಬೆಳೆದು, ಗಂಡನ ಮನೆಗೆ ಹೋದ ಮೇಲೂ ಅದು ಏಳಲಿಲ್ಲ.

ಹೀಗಿರುವಾಗ ಒಂದು ದಿನ ಡ್ರಮ್ಮಿನ ಫೋನು ಬಂತು. ಅವನೀಗ ಟೈರಿನ ಅಂಗಡಿ ಇಟ್ಟಿದ್ದ, ಬಡಿಯುವ ಅಭ್ಯಾಸ ಬಿಡಲಾಗದೆ.

“ಲೋ, ಕ್ಲಬ್ಬಿನ ಹಾಲ್ ಕೆಡವ್ತಾರಂತೆ ಕಣೋ. ಅದಕ್ಕೆ ಮುಂಚೆ ಒಂದು ಸಂಜೆ ಹಳಬರನ್ನೆಲ್ಲ ಕರೆದು ಹಾಡಿಸ್ತಾರಂತೆ. ನಮ್ಮನ್ನೂ ಕರೆದಿದಾರೆ. ಗಿಟಾರು ಇದೆಯಾ, ಮಾರ್ಕೊಂಡ್ಯಾ?”

“ಇದೆ” ಎಂದರು ಮಹಾಪ್ರಾಣರು. ಕಣ್ಣು ಬೀರುವಿನ ಮೇಲಕ್ಕೆ ಹೋಯಿತು.

“ಇನ್ನೊಂದು ವಿಷ್ಯ. ನಮ್ಮದೊಂದು ಹಳೇ ಕ್ಯಾಸೆಟ್ಟು ಸಿಕ್ತು. ಪೂರ್ತಿ ಕೇಳಿದೆ. ಅವನು ಹಾಡಿದ್ದು ಕೇಳಿಸ್ತು, ಕೀಬೋರ್ಡು ಕೇಳಿಸ್ತು, ಹಿಂದಿನ ಸಾಲಲ್ಲಿ ಯಾರೋ ಕೆಮ್ಮಿದ್ದು ಕೂಡ ಕೇಳಿಸ್ತು. ಅವತ್ತು ನೀನು ಬಂದಿದ್ದೆ ತಾನೇ?”

ಮಹಾಪ್ರಾಣರು ಕುರ್ಚಿಯ ಮೇಲೆ ಕೂತುಬಿಟ್ಟರು.

“ಬೇಜಾರು ಮಾಡ್ಕೋಬೇಡ್ವೋ. ನಿನ್ನ ತಪ್ಪು ಎಲ್ಲಿ ಅಂತ ನನಗೆ ಈಗ ಗೊತ್ತಾಯ್ತು. ನೀನು ಮಂದ್ರ ಪೂರ್ತಿ ಏರಿಸಿ ಮಧ್ಯ ಸೊನ್ನೆಗೆ ಇಟ್ಕೋತಿದ್ದೆ. ಒಬ್ಬನೇ ಕೂತು ಬಾರಿಸಿದ್ರೆ ಮಖಮಲ್ ಥರ ಇರ್ತಿತ್ತು, ಒಪ್ತೀನಿ. ನಾಲ್ಕು ಜನ ಸೇರಿದ ಕೂಡ್ಲೇ ನಿನ್ನ ಮಂದ್ರ ಹೋಗಿ ನನ್ನ ದೊಡ್ಡ ಡ್ರಮ್ಮಿನ ಕೆಳಗೆ ಮಲಗಿಬಿಡ್ತಿತ್ತು. ಜನರ ಕಿವಿ ಹಿಡಿಯೋದು ಮಧ್ಯನ. ಅದನ್ನ ಏರಿಸು, ತಾರ ಇಳಿಸು.”

“ಆವಾಗ್ಲೇ ಯಾಕೋ ಹೇಳ್ಲಿಲ್ಲ?”

“ಆವಾಗ ನನಗೆ ನನ್ನ ಡ್ರಮ್ಮು ಬಿಟ್ರೆ ಏನೂ ಕೇಳಿಸ್ತಿರ್ಲಿಲ್ಲ ಕಣೋ” ಎಂದ ಡ್ರಮ್ಮು, ಪ್ರಾಮಾಣಿಕವಾಗಿ.

ಮಹಾಪ್ರಾಣರು ಗಿಟಾರು ಇಳಿಸಿದರು. ಧೂಳು ಒರೆಸುವಾಗ ಹಳೆಯ ಗೋದಾಮಿನ ವಾಸನೆ ಬಂದಂತಾಗಿ ಕಣ್ಣು ಒದ್ದೆಯಾಯಿತು. ಆಂಪ್ಲಿಫೈಯರು ಮೊದಲು ಕೆಮ್ಮಿ, ಆಮೇಲೆ ಗುಂಯ್‌ಗುಟ್ಟಿ, ಕೊನೆಗೆ ದಾರಿಗೆ ಬಂತು. ಮಧ್ಯದ ಗುಂಡಿ ತುಕ್ಕು ಹಿಡಿದು ಸೊನ್ನೆಯಲ್ಲೇ ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಬಟ್ಟೆ ಸುತ್ತಿ, ಮೆಲ್ಲಗೆ ತಿರುಗಿಸಿ ತಂತಿ ಮೀಟಿದರು. ಇಷ್ಟು ವರ್ಷ ನೆಲದಡಿ ಗೊಣಗುತ್ತಿದ್ದ ತಂತಿ ಎದ್ದು ನಿಂತು ಸ್ಪಷ್ಟವಾಗಿ ‘ಧುಂ’ ಎಂದಿತು. ಹೌದು, ಧಕಾರದಲ್ಲೇ.

ಮರುದಿನ ಬೆಳಗ್ಗೆ ಅವರಿಗೆ ಸಂತೋಷ ತಡೆಯಲಾಗಲಿಲ್ಲ. ಹೆಂಡತಿಗೆ ಆಶ್ಚರ್ಯವಾಗಲಿ ಎಂದು ಅವಳು ತರಕಾರಿಗೆ ಹೋದ ಸಮಯ ನೋಡಿ, ಬಾಲ್ಕನಿಗೆ ಬಂದು ಡ್ರಮ್ಮಿಗೆ ಫೋನು ಹಚ್ಚಿದರು. ಟೈರಿನಂಗಡಿಯ ಗದ್ದಲದಲ್ಲಿ ಅವನಿಗೆ ಕೇಳಿಸಬೇಕಲ್ಲ, ಹಾಗಾಗಿ ಕಿರುಚಿದರು. ಕೆಳಗಿನ ಮನೆಯ ಬಾಲ್ಕನಿಯಲ್ಲಿ ನರ್ಸಮ್ಮ ಗಿಡಗಳಿಗೆ ನೀರು ಹಾಕುತ್ತಿದ್ದರು. ಆಸ್ಪತ್ರೆಯಿಂದ ನಿವೃತ್ತರಾದರೂ ಬೀದಿಯ ನಾಡಿ ಹಿಡಿಯುವುದನ್ನು ಅವರು ಬಿಟ್ಟಿರಲಿಲ್ಲ. ಅವರ ಕಿವಿಗೆ ಬಿದ್ದದ್ದು ಇಷ್ಟು:

“ಮದ್ಯ ಶುರು ಮಾಡ್ದೆ ಕಣೋ! ... ಹ್ಞೂಂ, ಬೆಳಗ್ಗೆ ಎದ್ದ ತಕ್ಷಣಾನೇ! ... ಅಯ್ಯೋ, ಇಷ್ಟು ವರ್ಷ ಮದ್ಯ ಮುಟ್ಟದೇ ಜೀವನಾನೇ ಹಾಳು ಮಾಡ್ಕೊಂಡೆ. ಏನು ಕಿಕ್ಕೋ, ನೇರ ಎದೆಗೇ ಬಂದು ಹೊಡೆಯುತ್ತೆ! ... ಇಲ್ಲ, ಅರ್ದಕ್ಕೆ ನಿಲ್ಲಿಸಿದೀನಿ. ಇನ್ನೂ ಏರಿಸ್ಲಾ? ... ಹೆಂಡ್ತಿಗೆ ಹೇಳಿಲ್ಲ, ಅವಳಿಲ್ಲದಾಗ ಮಾಡ್ತೀನಿ. ... ತಾರಾನಾ? ತಾರ ತುಂಬಾ ಕಮ್ಮಿ ಮಾಡ್ದೆ. ಜಾಸ್ತಿ ಸೇರಿಸಿದ್ರೆ ಕಿರುಚುತ್ತೆ. ಆದ್ರೆ ಪೂರ್ತಿ ಬಿಟ್ರೆ ಬಣಬಣ ಅನ್ಸುತ್ತೆ ಕಣೋ. ಸ್ವಲ್ಪ ಇಟ್ಕೊಂಡಿರ್ತೀನಿ.”

ನರ್ಸಮ್ಮನ ಕೈಯ ಚೊಂಬು ಬಗ್ಗಿದ್ದು ಬಗ್ಗಿದಂತೆಯೇ ಇತ್ತು. ಕುಂಡ ತುಂಬಿ, ತುಳುಕಿ, ಕೆಳಗೆ ಪೇಪರು ಓದುತ್ತ ನಿಂತಿದ್ದವರ ತಲೆಗೆ ಸ್ನಾನವಾಯಿತು. ಕುಡಿತವಾದರೂ ಸರಿ ಎನ್ನಬಹುದು, ಈ ವಯಸ್ಸಿನಲ್ಲಿ ಇಟ್ಟುಕೊಳ್ಳುವುದೆಂದರೇನು! ಅದೂ ಆ ತಾರ ಎಂಬಾಕೆಯನ್ನು ‘ಕಿರುಚುತ್ತಾಳೆ’ ಎಂದೂ ಅಲ್ಲ, ‘ಕಿರುಚುತ್ತೆ’ ಎನ್ನುವಷ್ಟು ಸಲಿಗೆ!

ನರ್ಸಮ್ಮ ಅವಸರದ ಹೆಂಗಸಲ್ಲ. ಪರೀಕ್ಷೆ ಮಾಡದೆ ಕಾಯಿಲೆಯ ಹೆಸರು ಹೇಳುವವರಲ್ಲ. ನಾಲ್ಕು ದಿನ ಗಮನಿಸಿ ನೋಡಿ, ತರಕಾರಿ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದ ಮನೆಯಾಕೆಯನ್ನು ತಡೆದರು.

“ಏನಮ್ಮಾ, ನಿಮ್ಮೆಜಮಾನ್ರು ಹುಷಾರಾಗಿದಾರಾ? ಕೈ ಗಿಯ್ ನಡುಗೋದು ಏನಾದ್ರೂ?”

“ನಡುಗೋದಿಲ್ಲ, ಆದ್ರೆ ಬೆರಳೆಲ್ಲ ಬೊಬ್ಬೆ ಬಂದು ಪಟ್ಟಿ ಸುತ್ಕೊಂಡಿದಾರೆ.”

“ಹೇಗಾಯ್ತು?”

“ತಂತಿ ಕುಯ್ತಂತೆ.”

ತಂತಿಬೇಲಿಯ ಮೇಲೆ ಬಿದ್ದಿದ್ದಾರೆ ಎಂದು ನರ್ಸಮ್ಮನಿಗೆ ಖಚಿತವಾಯಿತು. “ನಿದ್ದೆ?”

“ಎಲ್ಲಿಯ ನಿದ್ದೆ. ಹಾಸಿಗೇಲಿ ಕೂಡ ಬೆರಳು ಆಡಿಸ್ತಾ ತಮ್ಮಷ್ಟಕ್ಕೆ ದುಂ ದುಂ ಅಂತಿರ್ತಾರೆ. ಮುಖ ನೋಡಿದ್ರೆ ಹದಿನೆಂಟರ ಹುಡುಗನ ಥರ ನಗು.”

“ಧೈರ್ಯ ತಂದ್ಕೊಳ್ಳಮ್ಮ” ಎಂದು ಬೆನ್ನು ಸವರಿ ನರ್ಸಮ್ಮ ಒಳಗೆ ಹೋದರು. ಧೈರ್ಯ ಯಾತಕ್ಕೆಂದು ತಿಳಿಯದೆ ಆಕೆ ಚೀಲ ಹಿಡಿದು ಅಲ್ಲೇ ನಿಂತಳು.

ಈ ಸುದ್ದಿ ಮೊದಲು ತಲುಪಿದ್ದು ಮನೆಯಾಕೆಯ ಅಣ್ಣನಿಗೆ. ಮಹಾಪ್ರಾಣರಿಗೆ ಇವರು ಭಾವ, ಊರಿಗೆ ಕುಡಿತ ಬಿಡಿಸುವ ಸಂಘದ ಕಾರ್ಯದರ್ಶಿ. ಸಂಘಕ್ಕೆ ಬೋರ್ಡಿತ್ತು, ರಸೀದಿ ಪುಸ್ತಕವಿತ್ತು, ಎದೆಗೆ ಚುಚ್ಚಿಕೊಳ್ಳುವ ಬ್ಯಾಡ್ಜಿತ್ತು. ಇಲ್ಲದ್ದು ಒಂದೇ, ಕುಡುಕರು. ಇದ್ದಬದ್ದವರೆಲ್ಲ ಸಂಘದ ಭಾಷಣಕ್ಕೆ ಹೆದರಿ ಬೇರೆ ಬಡಾವಣೆಗೆ ಹೋಗಿ ಕುಡಿಯುತ್ತಿದ್ದರು. ಹೀಗೆ ಬರಗೆಟ್ಟು ಕೂತಿದ್ದ ಭಾವನಿಗೆ ಸ್ವಂತ ತಂಗಿಯ ಗಂಡನೇ ಸಿಕ್ಕಿದ ಎಂದರೆ ದುಃಖವಾಯಿತು, ನಿಜ. ಆದರೆ ದುಃಖದ ನಡುವೆಯೂ ಅವರು ಬ್ಯಾಡ್ಜು ಒರೆಸಿಕೊಂಡದ್ದನ್ನು ನೋಡಿದವರಿದ್ದಾರೆ.

ಭಾವ ನೇರ ಅಚ್ಚುಕೂಟಕ್ಕೆ ಹೋಗಿ ಯಜಮಾನರ ಕಿವಿಯಲ್ಲಿ ಊದಿದರು. ಯಜಮಾನರು ಮೆದು ಮನುಷ್ಯ, ಅಪ್ಪನ ಕಾಲದಿಂದ ಇದ್ದ ಕೆಲಸಗಾರರನ್ನು ಮನೆಯವರಂತೆ ಕಾಣುವವರು. ಅವರು ಮಹಾಪ್ರಾಣರನ್ನು ಒಳಗೆ ಕರೆಸಿ, ಬಾಗಿಲು ಹಾಕಿಸಿ, ಬಹಳ ಹೊತ್ತು ಪೇಪರ್‌ವೇಟು ತಿರುಗಿಸಿದರು.

“ಹೀಗೆ ಕೇಳ್ತೀನಿ ಅಂತ ತಪ್ಪು ತಿಳ್ಕೋಬೇಡಿ. ನಿಮಗೆ ಈಚೀಚೆಗೆ ಮದ್ಯದ... ಒಂದು ಇದು... ಶುರುವಾಗಿದೆಯಂತೆ?”

ಮಹಾಪ್ರಾಣರ ಮುಖ ಅರಳಿತು. ಯಜಮಾನರಿಗೆ ಸಂಗೀತದಲ್ಲಿ ಇಷ್ಟು ಆಸಕ್ತಿಯೆಂದು ಅವರಿಗೆ ಗೊತ್ತೇ ಇರಲಿಲ್ಲ.

“ಹೌದು ಸಾರ್! ನಿಮ್ಮ ಕಿವೀಗೂ ಬಿತ್ತಾ! ನಾನೇ ಹೇಳೋಣ ಅಂತಿದ್ದೆ.”

“ಮೊದ್ಲು ಇರ್ಲಿಲ್ವಲ್ಲ?”

“ಹೆದರಿಕೆ ಸಾರ್. ಚಿಕ್ಕ ವಯಸ್ಸಲ್ಲಿ ಮದ್ಯ ಅಂದ್ರೆ ಒರಟು ಅನ್ನಿಸ್ತಿತ್ತು. ಈಗ ತಿಳೀತು, ಅದಿಲ್ದಿದ್ರೆ ಮನುಷ್ಯ ನಾಲ್ಕು ಜನರ ಮುಂದೆ ನಿಲ್ಲೋಕೇ ಆಗಲ್ಲ.”

“ದಿನಾ ಎಷ್ಟು?”

“ಅರ್ದದಿಂದ ಶುರು ಮಾಡ್ದೆ. ಈಗ ಮುಕ್ಕಾಲು. ಕಾರ್ಯಕ್ರಮದ ದಿನ ಪೂರ್ತಿ ಏರಿಸಿಬಿಡೋದು ಅಂತ ಸ್ನೇಹಿತ ಹೇಳ್ತಿದಾನೆ.”

ಯಜಮಾನರು ಬೆವರು ಒರೆಸಿಕೊಂಡರು. “ಮತ್ತೆ ಆ... ತಾರ?”

“ಸಾರ್, ನಿಮಗೆ ಎಲ್ಲಾ ಗೊತ್ತಿದೆ! ತಾರ ಈಗ ಹಿಡಿತದಲ್ಲಿದೆ. ಇಷ್ಟೇ ಇಷ್ಟು.”

“ಮನೆಯಾಕೆಗೆ ಗೊತ್ತಾದ್ರೆ ಎಷ್ಟು ನೊಂದ್ಕೋತಾರೆ ಯೋಚನೆ ಮಾಡಿದೀರಾ?”

ಮಹಾಪ್ರಾಣರು ತಲೆ ತಗ್ಗಿಸಿದರು. ದನಿ ಮೆತ್ತಗಾಯಿತು. “ಇದೆಲ್ಲ ಅವಳಿಗೋಸ್ಕರಾನೇ ಸಾರ್.”

ಯಜಮಾನರು ಬಾಗಿಲು ತೆಗೆಸಿ, ಭಾವನಿಗೆ ಹೇಳಿ ಕಳಿಸಿದರು.

ಭಾನುವಾರ ಮಹಾಪ್ರಾಣರ ಮುಂದಿನ ಕೋಣೆಯಲ್ಲಿ ಸಭೆ ಸೇರಿತು. ಭಾವ ಒಂದು ಕಡೆ, ಯಜಮಾನರು ಒಂದು ಕಡೆ, ನಡುವೆ ಸಾಕ್ಷಿಯಾಗಿ ನರ್ಸಮ್ಮ. ರಕ್ತದೊತ್ತಡ ನೋಡುವ ಯಂತ್ರವನ್ನೂ ತಂದಿದ್ದರು. ಮಹಾಪ್ರಾಣರು ಗಿಟಾರು ತಬ್ಬಿಕೊಂಡು ಅಭ್ಯಾಸಕ್ಕೆ ಕೂತವರು, ಇಷ್ಟೊಂದು ಜನ ಕೇಳಲು ಬಂದಿದ್ದಾರಲ್ಲ ಎಂದು ಹಿಗ್ಗಿದರು. ಮನೆಯಾಕೆ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತಳು.

“ನೋಡಿ” ಎಂದು ಭಾವ ಗಂಟಲು ಸರಿಮಾಡಿಕೊಂಡರು, “ನಾವು ಯಾರೂ ಪರಕೀಯರಲ್ಲ. ಒಂದು ಸಹಿ ಹಾಕಿ, ಎಲ್ಲಾ ಇಲ್ಲಿಗೇ ಮುಗಿದುಹೋಗ್ಲಿ.” ಒಂದು ಕಾಗದ ಮುಂದೆ ಚಾಚಿದರು.

ಭಾವನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಕ್ಷರದ ವಿಷಯದಲ್ಲಿ ಅವರು ಮಹಾಪ್ರಾಣರಿಗೆ ತದ್ವಿರುದ್ಧ. ಬರಹಕ್ಕೆ ಗೌರವ ಬರಲಿ ಎಂದು ಸಿಕ್ಕಸಿಕ್ಕ ಅಕ್ಷರದ ಹೊಟ್ಟೆಯನ್ನೆಲ್ಲ ಸೀಳುತ್ತ ಹೋಗುವವರು. ಅವರ ಕಾಗದದಲ್ಲಿ ಹೀಗಿತ್ತು: ‘ನಾನು ಇಂದಿನಿಂದ ಮಧ್ಯವನ್ನು ಮುಟ್ಟುವುದಿಲ್ಲವೆಂದೂ, ತಾರ ಎಂಬುವರ ಸಹವಾಸ ಬಿಡುವೆನೆಂದೂ, ನನ್ನ ಕುಟುಂಭಕ್ಕೆ ನಿಷ್ಠನಾಗಿರುವೆನೆಂದೂ ಪ್ರಮಾಣ ಮಾಡುತ್ತೇನೆ.’

ಬರೆದ ಕಾಗದ ಕೈಗೆ ಬಂದರೆ ಮಹಾಪ್ರಾಣರ ಕೈ ಸುಮ್ಮನಿರುವುದುಂಟೇ? ಕೆಂಪು ಪೆನ್ನು ಹೊರಬಂತು. ಮೊದಲು ‘ಕುಟುಂಭ’ದ ಸೀಳಿದ ಹೊಟ್ಟೆಗೆ ಹೊಲಿಗೆ ಬಿತ್ತು. “‘ತಾರ ಎಂಬುವರ’ ಅಲ್ಲ, ‘ಎಂಬುದರ’. ತಾರ ನಪುಂಸಕಲಿಂಗ” ಎಂದು ಗೊಣಗಿದರು. ಭಾವ ಮತ್ತು ನರ್ಸಮ್ಮ ಮುಖ ಮುಖ ನೋಡಿಕೊಂಡರು. ‘ಮಧ್ಯ’ದ ಮೇಲೆ ಪೆನ್ನು ಒಂದು ಗಳಿಗೆ ನಿಂತು, ತಪ್ಪಿಲ್ಲವೆಂದು ಮುಂದೆ ಹೋಯಿತು. ಆಮೇಲೆ ಅರ್ಥ ತಲೆಗೆ ಹತ್ತಿತು. ಮಹಾಪ್ರಾಣರು ಗಿಟಾರು ಸಮೇತ ಎದ್ದು ನಿಂತರು.

“ಮದ್ಯ ಮುಟ್ಟೋದಿಲ್ಲ ಅಂತ ನಾನು ಬರೆದುಕೊಡಬೇಕಾ? ಇಷ್ಟು ವರ್ಷ ಮುಟ್ಟದೇ ಇದ್ದು ಏನಾಗಿಹೋದೆ ನೋಡಿದ್ರಾ? ಕಟ್ಕೊಂಡ ಹೆಂಡ್ತಿ ನನ್ನನ್ನ ಫ್ರಿಜ್ಜು ಅಂದ್ಕೊಂಡಿದ್ಲು! ತಲೆ ಹೋದ್ರೂ ಸಹಿ ಹಾಕಲ್ಲ. ಕ್ಲಬ್ಬಿನ ಹಾಲ್‌ನಲ್ಲಿ, ನಿಮ್ಮೆಲ್ಲರ ಎದುರಿಗೆ, ಪೂರ್ತಿ ಏರಿಸ್ತೀನಿ!”

“ಅಯ್ಯೋ, ತಲೆಗೇ ಹತ್ತಿದೆ” ಎಂದು ನರ್ಸಮ್ಮ ಯಂತ್ರದ ಪಟ್ಟಿ ಬಿಚ್ಚಿದರು.

“ನನ್ನ ತಂಗಿ ಗತಿ ಏನ್ರೀ?” ಎಂದು ಭಾವ ಗುಡುಗಿದರು.

“ಅಣ್ಣಾ, ಫ್ರಿಜ್ಜಿಗೆ ಏನಾಗಿದೆ?” ಎಂದಳು ಮನೆಯಾಕೆ, ಏನೊಂದೂ ಅರ್ಥವಾಗದೆ.

ಈ ಗದ್ದಲದಲ್ಲಿ ಯಜಮಾನರು ಮಾತ್ರ ತಿದ್ದಿದ ಕಾಗದವನ್ನೇ ದಿಟ್ಟಿಸುತ್ತ ಕೂತಿದ್ದರು. ಎಷ್ಟಾದರೂ ಅಚ್ಚುಕೂಟದ ಜೀವ. ಇಂಥ ತಪ್ಪನ್ನು ಮಹಾಪ್ರಾಣರು ಬಿಟ್ಟಿದ್ದು ಅವರ ಅನುಭವದಲ್ಲೇ ಇರಲಿಲ್ಲ. ಅವರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

“ಒಂದ್ನಿಮಿಷ. ನೀವು ಹೇಳ್ತಿರೋದು ಯಾವ ಮದ್ಯ? ಹೊಟ್ಟೆ ಸೀಳಿದ್ದೋ, ಸೀಳದೇ ಇರೋದೋ?”

“ಸೀಳಿದ್ದು ಸಾರ್!” ಎಂದರು ಮಹಾಪ್ರಾಣರು, ಇದೂ ಒಂದು ಕೇಳುವ ಮಾತೇ ಎಂಬಂತೆ. “ಇನ್ಯಾವುದು? ನೋಡಿ, ಇಲ್ಲಿದೆ.”

ಆಂಪ್ಲಿಫೈಯರನ್ನು ಎಳೆದು ಎಲ್ಲರ ನಡುವೆ ಇಟ್ಟರು. ನಾಲ್ಕು ತಲೆಗಳು ಒಟ್ಟಿಗೆ ಬಗ್ಗಿ ಡಿಕ್ಕಿ ಹೊಡೆದವು. ನರ್ಸಮ್ಮ ಕನ್ನಡಕ ಏರಿಸಿ, ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದರು: “ಮಂದ್ರ... ಮಧ್ಯ... ತಾರ.” ಆಮೇಲೆ ಆ ಮೂರನೆಯ ಗುಂಡಿಯನ್ನು ಬಹಳ ಹೊತ್ತು ನೋಡಿ, “ಇದಾ ತಾರ? ಇಷ್ಟೇನಾ?” ಎಂದರು. ದನಿಯಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತು. ಭಾವನಂತೂ ಕೈಗೆ ಬಂದ ಒಬ್ಬನೇ ಕುಡುಕ ಜಾರಿಹೋದ ಸಂಕಟದಲ್ಲಿ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು.

ಎಲ್ಲರೂ ಹೋದ ಮೇಲೆ ಮನೆಯಾಕೆ ಲೋಟಗಳನ್ನು ಎತ್ತುತ್ತ ಕೇಳಿದಳು: “ಇಷ್ಟೆಲ್ಲ ಒದ್ದಾಟ ಯಾಕ್ರೀ? ಯಾರಿಗೆ ಕೇಳಿಸ್ಬೇಕು?”

ಮಹಾಪ್ರಾಣರು ವೈರು ಸುತ್ತುತ್ತ ಕೂತಿದ್ದರು. ‘ನಿನಗೆ’ ಎನ್ನುವುದರಲ್ಲಿ ಮಹಾಪ್ರಾಣದ ತೊಡಕೇನೂ ಇರಲಿಲ್ಲ, ಆದರೂ ಅವರ ಬಾಯಿಂದ ಬರಲಿಲ್ಲ. “ಸುಮ್ನೆ” ಎಂದರು.

ಕಾರ್ಯಕ್ರಮದ ಸಂಜೆ ಕ್ಲಬ್ಬಿನ ಸಭಾಂಗಣ ತುಂಬಿತ್ತು. ಅದೇ ಮಡಚುವ ಕುರ್ಚಿಗಳು, ಅದೇ ಕಿರುಗುಟ್ಟುವ ವೇದಿಕೆ, ಪರದೆಯಲ್ಲಿ ಅದೇ ತೇಪೆ. ಕುಳಿತವರ ತಲೆಗಳು ಮಾತ್ರ ಬೆಳ್ಳಗಾಗಿದ್ದವು. ಹಾಡುವವನು ಅಭ್ಯಾಸಬಲದಿಂದ ಬಾಚಣಿಗೆ ತೆಗೆದು, ತಲೆ ಮುಟ್ಟಿ ನೋಡಿಕೊಂಡು, ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಕೀಬೋರ್ಡಿನವನಿಗೆ ಕನ್ನಡಕ ಎರಡಾಗಿತ್ತು. ಡ್ರಮ್ಮು ತನ್ನ ಡ್ರಮ್ಮುಗಳ ಹಿಂದೆ ಹಿಡಿಸದೆ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. ನಾಲ್ವರೂ ಒಬ್ಬರನ್ನೊಬ್ಬರು ನೋಡಿ ನಕ್ಕರು. ನಾಳಿದ್ದು ಈ ಗೋಡೆ ಇರುವುದಿಲ್ಲ ಎಂಬುದು ನಾಲ್ವರ ಮುಖದಲ್ಲೂ ಇತ್ತು.

ಮೊದಲ ಹಾಡು ಶುರುವಾಯಿತು. ಮಹಾಪ್ರಾಣರು ಮೀಟಿದರು. ಅವರ ಕಿವಿಗೆ ಕೇಳಿಸಿತು, ಸಭೆಗೆ ಕೇಳಿಸಲಿಲ್ಲ. ಏಕೆಂದರೆ ಕಾಲ ಬದಲಾಗಿತ್ತು. ಈಗ ಎಲ್ಲರ ಶಬ್ದವೂ ಸಭೆಯ ಹಿಂದೆ ಮೇಜು ಹಾಕಿಕೊಂಡು ಕೂತ ಮೈಕಿನವನ ಕೈಯಲ್ಲಿ ಹಾದು ಹೊರಬರುತ್ತಿತ್ತು. ಬೇಸ್ ಗಿಟಾರೆಂದರೆ ಬರೀ ಗುಡುಗು ಎಂದು ತಿಳಿದಿದ್ದ ಆ ಪುಣ್ಯಾತ್ಮ, ಮಂದ್ರ ಏರಿಸಿ ಮಧ್ಯವನ್ನು ನೆಲಕ್ಕೆ ತಳ್ಳಿ ಹಾಯಾಗಿ ಕೂತಿದ್ದ. ಮುಂದಿನ ಸಾಲಿನಲ್ಲಿ ಹೆಂಡತಿ ತಲೆ ಅತ್ತಿತ್ತ ವಾಲಿಸಿ ಹುಡುಕುತ್ತಿರುವುದು ವೇದಿಕೆಯಿಂದ ಕಾಣಿಸುತ್ತಿತ್ತು. ಇನ್ನೊಂದು ಸಂಜೆ ಎಂಬುದು ಇರಲಿಲ್ಲ, ಇನ್ನೊಂದು ಸಭಾಂಗಣವೂ ಇರಲಿಲ್ಲ.

ಅದನ್ನು ಕಂಡವರು ಇನ್ನೊಬ್ಬರಿದ್ದರು, ಭಾವ. ಆ ಭಾನುವಾರದಿಂದ ಅವರಿಗೆ ಈ ಗುಂಡಿಗಳ ವಿದ್ಯೆಯೆಲ್ಲ ಬಾಯಿಪಾಠ. ತಂಗಿಯ ಮುಖ ನೋಡಿದರು, ವೇದಿಕೆಯ ಮೇಲಿನ ಮುಖ ನೋಡಿದರು. ಸಂಘದ ಸದಸ್ಯರೆಲ್ಲ ಬ್ಯಾಡ್ಜು ಚುಚ್ಚಿಕೊಂಡು ಒಂದೇ ಸಾಲಿನಲ್ಲಿ ಕೂತಿದ್ದಾರೆ ಎಂಬುದನ್ನೂ ಮರೆತು, ಪಂಚೆ ಎತ್ತಿ ಕಟ್ಟಿ, ಸಭೆಯ ನಡುದಾರಿಯಲ್ಲಿ ಓಡತೊಡಗಿದರು.

“ಮದ್ಯ! ಮದ್ಯ ಏರಿಸಯ್ಯಾ! ಯಾಕೆ ಇಳಿಸ್ದೆ? ಏರಿಸು, ಇನ್ನೂ ಏರಿಸು!”

ಇಡೀ ಸಭೆ ತಿರುಗಿ ನೋಡಿತು. ಕುಡಿತ ಬಿಡಿಸುವ ಸಂಘದ ಅಧ್ಯಕ್ಷರು ಎದೆ ಹಿಡಿದುಕೊಂಡರು. ಹಿಂದಿನ ಸಾಲಿನವರು ಶಿಳ್ಳೆ ಹೊಡೆದರು. ನರ್ಸಮ್ಮ ಕುರ್ಚಿಯ ಮೇಲೆ ಹತ್ತಿ ನಿಂತು, “ತಾರ ಇಳಿಸೋದು ಮರೀಬೇಡಿ!” ಎಂದು ಕೂಗಿದರು. ಹೆದರಿದ ಮೈಕಿನವನ ಕೈ ತನ್ನಷ್ಟಕ್ಕೆ ನಡುವಿನ ಹಿಡಿಗಳನ್ನು ಮೇಲಕ್ಕೆ ತಳ್ಳಿತು.

ಆಗ ಆ ಸಭಾಂಗಣದಲ್ಲಿ ಮೊದಲ ಸಲ ಅದು ಕೇಳಿಸಿತು. ಹಾಡಿನ ಬುಡದಿಂದ ಯಾರೋ ಒಬ್ಬರು ಎದ್ದು, ಎಲ್ಲರ ಜೊತೆ ಹೆಗಲಿಗೆ ಹೆಗಲು ಕೊಟ್ಟು ನಡೆದಂತೆ, ದುಂಡಗೆ, ಬೆಚ್ಚಗೆ, ಒಂದೊಂದೂ ಬಿಡಿಬಿಡಿಯಾಗಿ. ಜನ ಯಾಕೆಂದು ತಿಳಿಯದೆ ಕಾಲು ಕುಣಿಸತೊಡಗಿದರು. ಡ್ರಮ್ಮು ಬಡಿಯುತ್ತಲೇ ಕತ್ತು ತಿರುಗಿಸಿ, “ಲೋ, ನೀನು ಬಂದಿದೀಯ ಕಣೋ!” ಎಂದು ಕಿರುಚಿದ. ಮಹಾಪ್ರಾಣರಿಗೆ ಕಣ್ಣು ಮಂಜಾಗಿ ಬೆರಳು ಕಾಣಿಸಲಿಲ್ಲ. ಕಾಣದೆಯೇ ಬಾರಿಸಿದರು. ಹಾಡಿನ ಮೇಲೆ ಹಾಡು ಹೋಯಿತು, ಪ್ರಾಯ ಹಿಂದಕ್ಕೆ ಬಂದು ಹೋಯಿತು, ಪರದೆ ಬಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಅವರು ವೇದಿಕೆಯ ಅಂಚಿನಲ್ಲಿ ಕೂತು ತಂತಿ ಒರೆಸುತ್ತಿದ್ದರು. ಜನ ಎಂದಿನಂತೆ ಹಾಡಿದವನ ಸುತ್ತ ಮುತ್ತಿಕೊಂಡಿದ್ದರು. ಇವರ ಕಡೆ ಯಾರೂ ಬರಲಿಲ್ಲ. ಕುರ್ಚಿಗಳನ್ನು ದಾಟಿಕೊಂಡು ಹೆಂಡತಿ ಬಂದು ಎದುರಿಗೆ ನಿಂತಳು. ‘ಹೇಗಿತ್ತು’ ಎಂದು ಕೇಳಲು ಮಹಾಪ್ರಾಣರನ್ನು ಹಳೆಯ ಹೆದರಿಕೆ ಬಿಡಲಿಲ್ಲ.

ಆಕೆ ಸೆರಗಿನ ತುದಿ ತಿರುಚುತ್ತ, ಯಾರಾದರೂ ಕೇಳಿಸಿಕೊಂಡಾರೆಂದು ಅತ್ತಿತ್ತ ನೋಡಿ, ದನಿ ತಗ್ಗಿಸಿದಳು.

“ರೀ, ಬೇಜಾರು ಮಾಡ್ಕೋಬೇಡಿ. ಆ ನಿಧಾನದ ಹಾಡು ಇತ್ತಲ್ಲ, ಅದರಲ್ಲಿ ಒಂದು ಕಡೆ ತಪ್ಪು ಹೊಡೆದ್ರಿ ಅಲ್ವಾ?”

“ಎಲ್ಲಿ?” ಎಂದರು ಮಹಾಪ್ರಾಣರು.

“ಮನೇಲಿ ಬಾರಿಸೋವಾಗ ಧುಂ, ಧುಂ ಅಂದು ಆಮೇಲೆ ಮೇಲಕ್ಕೆ ಹೋಗಿ ಧಿಂ ಅಂತೀರ. ಒಗ್ಗರಣೆ ಹಾಕ್ತಾ ದಿನಾ ಕೇಳಿದೀನಿ, ನನಗೆ ಬರುತ್ತೆ. ಇವತ್ತು ಅವರೆಲ್ಲ ಮೇಲಕ್ಕೆ ಹೋದ್ರು, ನೀವೊಬ್ರೇ ಕೆಳಗೇ ಉಳಿದು ಇನ್ನೊಂದು ಧುಂ ಹೊಡೆದ್ರಿ. ಬೇರೆಯವರಿಗೆ ಗೊತ್ತಾಗಿರ್ಲಿಕ್ಕಿಲ್ಲ ಬಿಡಿ. ನನಗೆ ಚೆನ್ನಾಗಿ ಕೇಳಿಸ್ತು.”

ಜೀವಮಾನವಿಡೀ ಪರರ ತಪ್ಪು ಹುಡುಕಿ ಅನ್ನ ತಿಂದ ಮಹಾಪ್ರಾಣರ ತಪ್ಪನ್ನು ಇದುವರೆಗೆ ಯಾರೂ ಹುಡುಕಿರಲಿಲ್ಲ. ಅವರು ಗಿಟಾರನ್ನು ಪಕ್ಕಕ್ಕಿಟ್ಟು, ಅಷ್ಟು ಜನರ ಎದುರಿಗೇ ಹೆಂಡತಿಯ ಎರಡೂ ಕೈ ಹಿಡಿದುಕೊಂಡರು.

“ಇನ್ನೂ ಎರಡು ಕಡೆ ತಪ್ಪಿದೀನಿ. ಅವು ಕೇಳಿಸ್ತಾ?”

“ಕೇಳಿಸ್ದೇ ಇರುತ್ತಾ?” ಎಂದಳು ಆಕೆ. “ಹೇಳ್ತೀನಿ ಬನ್ನಿ, ಮನೆಗೆ ಹೋಗ್ತಾ.”